ಅಪರ್ಣಾ ಹೇಳಿದರೆ ಸರಿ

2024ರ ಜುಲೈ 12, ಶುಕ್ರವಾರ ಬೆಳಿಗ್ಗೆ. ಹಾರಂಗಿ ಅಣೆಕಟ್ಟೆಗೆ ಹೋಗುವ ರಸ್ತೆಬದಿಯ ಹೋಟೆಲು. ಕೊಡೆ ಮಡಚಿ ಒಳಗೆ ಬಂದರೆ ಎಲ್ಲರ ಕಣ್ಣೂ ಗೋಡೆಯ ಟಿ.ವಿ. ಮೇಲೆ. ಬೇರೆ ದಿನವಾಗಿದ್ದರೆ ಡ್ಯಾಮು 2,859 ಅಡಿ ತುಂಬಲು ಇನ್ನೆಷ್ಟು ಬಾಕಿ, ಕ್ರೆಸ್ಟ್ ಗೇಟು ಯಾವಾಗ ಎತ್ತುತ್ತಾರೆ ಎಂಬ ಮಾತೇ ಆಗಿರುತ್ತಿತ್ತು. ಇವತ್ತು ಪರದೆಯ ತುಂಬ ನಿರೂಪಕಿ ಅಪರ್ಣಾ ನಗುತ್ತಿದ್ದಾರೆ. ಕೆಳಗಿನ ಸಾಲು, ಅವರು ನಿನ್ನೆ ರಾತ್ರಿ ತೀರಿಕೊಂಡರು ಎನ್ನುತ್ತಿದೆ. ಶ್ವಾಸಕೋಶದ ಕ್ಯಾನ್ಸರು. ಅಷ್ಟು ದೀರ್ಘವಾದ ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ದಡ ಮುಟ್ಟಿಸುತ್ತಿದ್ದವರಿಗೆ ಶ್ವಾಸಕೋಶದ್ದೇ ಕಾಯಿಲೆ. ನಂಬಲು ಮನಸ್ಸು ಒಪ್ಪುವುದಿಲ್ಲ.

ಸ್ಟುಡಿಯೋದಲ್ಲಿ ಕೂತ ಯಾರೋ ಜೋರುದನಿಯಲ್ಲಿ ಶೋಕಿಸುತ್ತಿದ್ದಾರೆ. ಗಲ್ಲಾದಲ್ಲಿದ್ದ ಮಾಲೀಕರು ಸೌಂಡ್ ಪೂರ್ತಿ ಇಳಿಸುತ್ತಾರೆ. ದೂರದರ್ಶನದ ಹಳೆಯ ತುಣುಕು ಬಂದೊಡನೆ ಏರಿಸುತ್ತಾರೆ. ರೇಷ್ಮೆ ಸೀರೆ, ಕೈಯಲ್ಲಿ ಮೈಕು. ಗಮನಿಸಿ: ಕಲಾವಿದರೊಬ್ಬರ ಹೆಸರು ಹೇಳುವ ಮೊದಲು ಒಂದು ಕ್ಷಣ ತಡೆಯುತ್ತಾರೆ, ಹೆಸರಿಗೆ ಜಾಗ ಬಿಟ್ಟುಕೊಟ್ಟಂತೆ. ಮಹಾಪ್ರಾಣ ಎಲ್ಲೂ ಜಾರುವುದಿಲ್ಲ, ಕ್ರಿಯಾಪದದ ಕೊನೆಯ ಅಕ್ಷರ ನುಂಗಿಹೋಗುವುದಿಲ್ಲ.

"1998ರ ದೀಪಾವಳೀಲಿ ಒಂದೇ ಸಮನೆ ಎಂಟು ಗಂಟೆ ನಿರೂಪಣೆ ಮಾಡಿದ್ರು ಕಣಪ್ಪ," ಎನ್ನುತ್ತಾರೆ ಮೂಲೆಯ ಬೆಂಚಿನಲ್ಲಿ ಕೂತ ನೀರಾವರಿ ಇಲಾಖೆಯ ನಿವೃತ್ತ ನೌಕರರು. "ಹೌದಾ ತಾತ?" ಎಂದು ಸಪ್ಲೈಯರ್ ಹುಡುಗ ಲೋಟ ಹಿಡಿದುಕೊಂಡೇ ನಿಲ್ಲುತ್ತಾನೆ.

ಅಪರ್ಣಾ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಹುಟ್ಟಿದ ಹುಡುಗಿ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ 'ಮಸಣದ ಹೂವು' ಮೂಲಕ ತೆರೆಗೆ ಬಂದವರು. 1993ರಿಂದ ಆಕಾಶವಾಣಿ, ಜೊತೆಗೆ ದೂರದರ್ಶನ, ಲೆಕ್ಕವಿಲ್ಲದಷ್ಟು ಸರ್ಕಾರಿ ಸಮಾರಂಭಗಳು. 'ಮೂಡಲ ಮನೆ', 'ಮುಕ್ತ' ಧಾರಾವಾಹಿಗಳು. 'ಮಜಾ ಟಾಕೀಸ್'ನ ವರಲಕ್ಷ್ಮಿಯಾಗಿ ಬಾಯಿ ಮುಚ್ಚದೆ ಹರಟಿದಾಗಲೂ ಆ ನಾಲಿಗೆಯ ಸ್ಪಷ್ಟತೆ ಒಂದಿಷ್ಟೂ ಕದಲಲಿಲ್ಲ. ಅವರು ಹೆಸರಾದದ್ದು ನಿರೂಪಣೆಯಿಂದ, ವಾರ್ತೆ ಓದುವುದರಿಂದಲ್ಲ. ಆದರೂ ವಾರ್ತೆಯವರಿಗೆ ಕೊಡುತ್ತಿದ್ದ ನಂಬಿಕೆಯನ್ನೇ ನಾಡು ಅವರಿಗೂ ಕೊಟ್ಟಿತು. ದನಿ ಎತ್ತರಿಸಿ ಅದನ್ನು ಗಳಿಸಿದವರಲ್ಲ ಅವರು. ಈಗ ಸಂಜೆಯ ಚರ್ಚೆಗಳಲ್ಲಿ ಮೇಜು ಗುದ್ದುವವರು ಈ ತುಣುಕನ್ನು ಒಮ್ಮೆ ಕೂತು ನೋಡಬೇಕು.

ಬೆಂಗಳೂರಿನಲ್ಲಿ ಕೆಲಸ ಮಾಡುವ ಯುವಕನೊಬ್ಬ ಬ್ಯಾಗು ಹೆಗಲಿಗೇರಿಸಿ ಕುಶಾಲನಗರದ ಬಸ್ಸಿಗೆ ಕಾಯುತ್ತಿದ್ದಾನೆ. ಅಲ್ಲಿನ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕನ್ನಡದಲ್ಲಿ ಹೇಳುವ ದನಿ ಅಪರ್ಣಾ ಅವರದೇ.

"ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ ತಾತ," ಎನ್ನುತ್ತಾನೆ. "ಮೊದಲನೇ ಸಲ ಮೆಟ್ರೊ ಹತ್ತಿದ್ದು, ಹೆದರ್ಕೊಂಡೇ ಕೂತಿದ್ರು. ನಮ್ಮ ಸ್ಟೇಷನ್ ಬರೋ ಹೊತ್ತಿಗೆ ನಾನು ಫೋನ್ ನೋಡ್ತಾ ಇದ್ದೆ. ಎದ್ದು ಸರಿಯಾದ ಬಾಗಿಲ ಹತ್ರ ಹೋಗಿ ನಿಂತಿದ್ರು. 'ಅಪರ್ಣಾ ಹೇಳಾಯ್ತಲ್ಲ, ಬಾ' ಅಂತ ನನ್ನನ್ನೇ ಕರೆದ್ರು."