ಹೊಸ ಮೊಬೈಲು ತಂದೆವು, ಬೆಳಕು ಬರಲಿಲ್ಲ

ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ದ್ವಿಶಿಕ್ಷಕಿ ಕನ್ನಡ ಶಾಲೆ. ಒಂದರಿಂದ ನಾಲ್ಕರ ತನಕ ತರಗತಿ, ಎರಡು ಕೋಣೆ, ಮುಂದೆ ತಗಡಿನ ಪಡಸಾಲೆ, ಅಂಗಳದಲ್ಲಿ ಬೇವಿನ ಮರ. ಶಿಕ್ಷಕರು ನಾವಿಬ್ಬರು, ಶಾಲೆಯ ಕೆಲಸಕ್ಕೆ ಮೊಬೈಲು ಒಂದು. ಶಾಲೆಯ ಮೊಬೈಲು ಅಂದಕೂಡಲೇ ಸರಕಾರ ಕೊಟ್ಟದ್ದು ಅಂದುಕೊಳ್ಳಬೇಡಿ. ಇಬ್ಬರೂ ಅರ್ಧ ಅರ್ಧ ದುಡ್ಡು ಹಾಕಿ ತಂದದ್ದು. ಹಾಜರಿ, ಮಧ್ಯಾಹ್ನದ ಊಟದ ಲೆಕ್ಕ, ಕೇಂದ್ರಪ್ರಮುಖರು ಕೇಳುವ ಫೋಟೋ, ಎಲ್ಲವೂ ಅದರಲ್ಲೇ. ಆರು ವರ್ಷ ದುಡಿದ ಹಳೆಯ ಮೊಬೈಲು ಕಳೆದ ವರ್ಷ ಸೋತುಹೋಯಿತು. ಕೆಟ್ಟಿರಲಿಲ್ಲ, ಒಳಗೆ ಜಾಗ ತುಂಬಿತ್ತು, ಹೊಸ ಆ್ಯಪುಗಳು ‘ನಿಮ್ಮ ಆಂಡ್ರಾಯ್ಡ್ ಹಳೆಯದು’ ಎಂದು ಬಾಗಿಲು ತೆರೆಯುತ್ತಿರಲಿಲ್ಲ, ಬ್ಯಾಟರಿ ಊಟದ ಬಿಡುವಿಗೇ ಮಲಗಿಬಿಡುತ್ತಿತ್ತು.

ದೀಪಾವಳಿ ರಜೆಯಲ್ಲಿ ಸೋಲಾಪುರಕ್ಕೆ ಹೋಗಿ 18 ಸಾವಿರ ಕೊಟ್ಟು ಹೊಸದು ತಂದೆವು. ಡಬ್ಬಿಯ ಮೇಲೆ ದೊಡ್ಡ ಅಂಕಿಗಳಲ್ಲಿ 3000 ನಿಟ್ಸ್ ಎಂದು ಅಚ್ಚಾಗಿತ್ತು. ಅಂಗಡಿಯ ಹುಡುಗ, “ಬಿಸಲಾಗ ಹಿಡೀರಿ ಸರ, ಟ್ಯೂಬ್‌ಲೈಟ್ ಇದ್ದಂಗ ಕಾಣ್ತದ” ಅಂದ. ನಮಗೆ ಬೇಕಾಗಿದ್ದದ್ದೂ ಅದೇ. ಹಾಜರಿ, ಲೆಕ್ಕಗಳಿಗಿಂತ ದೊಡ್ಡ ಕೆಲಸವೊಂದು ಆ ಮೊಬೈಲಿಗೆ ಕಾದಿತ್ತು.

ನಮ್ಮ ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹುಟ್ಟಿನಿಂದಲೇ ಅವಳ ದೃಷ್ಟಿ ಮಂದ. ಚಾಳೀಸು ಹಾಕಿಕೊಳ್ಳುತ್ತಾಳೆ, ಆದರೆ ಚಾಳೀಸು ಒಂದು ಮಟ್ಟದ ತನಕ ಮಾತ್ರ ನೆರವಾಗುತ್ತದೆ. ಅಕ್ಷರ ದೊಡ್ಡದಿರಬೇಕು, ಬೆಳಕು ಚೆನ್ನಾಗಿರಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ದೊಡ್ಡಕ್ಷರದ ಕನ್ನಡ ಪುಸ್ತಕ ನಮ್ಮ ಕೈಗೆ ಬಂದಿಲ್ಲ. ಬಾಲಭಾರತಿಯವರ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಅದನ್ನೇ ಹಳೆಯ ಮೊಬೈಲಿಗೆ ಇಳಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ಕೊಡುತ್ತಿದ್ದೆವು. ಒಂದು ಸಾಲಿನಲ್ಲಿ ಎರಡೋ ಮೂರೋ ಶಬ್ದ ನಿಲ್ಲುತ್ತಿದ್ದವು. ಅವಳು ಮೊಬೈಲನ್ನು ಮೂಗಿನ ಹತ್ತಿರ ತಂದು, ಸಾಲನ್ನು ಬೆರಳಿನಿಂದ ಸರಿಸುತ್ತ ಸರಿಸುತ್ತ ಓದುತ್ತಿದ್ದಳು. ಹೀಗೆ ಎರಡನೆಯ ತರಗತಿಯ ಕನ್ನಡ ಪುಸ್ತಕವನ್ನು ಪೂರ್ತಿ ಓದಿ ಮುಗಿಸಿದ್ದಳು. ಉಳಿದ ಮಕ್ಕಳಿಗಿಂತ ಒಂದು ತಿಂಗಳು ತಡವಾಗಿ, ಆದರೆ ಒಂದು ಪಾಠವನ್ನೂ ಬಿಡದೆ.

ಹೊಸ ಮೊಬೈಲಿನಲ್ಲಿ ಅದೇ ಪುಸ್ತಕದ ಮುಂದಿನದನ್ನು ತೆರೆದು ಕೊಟ್ಟೆವು. ಪರದೆ ದೊಡ್ಡದು, ಬಣ್ಣಗಳು ಕಣ್ಣು ಕುಕ್ಕುವಂಥವು. ಅವಳು ಹತ್ತಿರ ಹಿಡಿದಳು, ಓರೆ ಮಾಡಿದಳು, ಮತ್ತೆ ಹತ್ತಿರ ಹಿಡಿದಳು.

“ಮಬ್ಬ ಐತ್ರಿ ಸರ. ಅಕ್ಷರಾ ಕಾಣವಲ್ದು.”

ನಾವು ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಓದು ಎಂದೆವು. ‘ಹಳ್ಳಿ’ ಇದ್ದದ್ದನ್ನು ‘ಹಳಿ’ ಎಂದಳು. ‘ಅಕ್ಕ’ ಹೋಗಿ ‘ಅಕ’ ಆಯಿತು. ‘ಧನ’ ಇದ್ದಲ್ಲಿ ‘ದನ’ ಬಂತು. ಕನ್ನಡದಲ್ಲಿ ಪಾಠ ಮಾಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೇಲಿನ ಅಕ್ಷರ ಕಾಣುತ್ತಿದೆ, ಕೆಳಗಿನ ಒತ್ತು ಕಾಣುತ್ತಿಲ್ಲ. ದ ಕಾಣುತ್ತಿದೆ, ಅದರ ಹೊಟ್ಟೆಯ ಕೆಳಗಿನ ಸಣ್ಣ ಸೀಳು ಕಾಣುತ್ತಿಲ್ಲ. ನಮ್ಮ ಲಿಪಿಯಲ್ಲಿ ಅರ್ಥವನ್ನು ಬದಲಿಸುವುದು ಎಷ್ಟೋ ಸಲ ಇಂಥ ಸಣ್ಣ ಗೆರೆಗಳೇ, ಮತ್ತು ಬೆಳಕು ಕಡಿಮೆಯಾದರೆ ಮೊದಲು ಅಳಿಸಿಹೋಗುವವೂ ಅವೇ. ಹಳೆಯ ಮೊಬೈಲನ್ನು ಚಾರ್ಜಿಗೆ ಹಾಕಿ ಅದೇ ಪುಟ ತೆರೆದು ಕೊಟ್ಟೆವು. “ಹಳ್ಳಿ” ಎಂದು ಸರಿಯಾಗಿ ಓದಿದಳು.

ಎರಡನ್ನೂ ಪಕ್ಕಪಕ್ಕ ಇಟ್ಟು, ಬೆಳಕಿನ ಗೆರೆಯನ್ನು ಕೈಯಿಂದ ಪೂರ್ತಿ ಬಲಕ್ಕೆ ಎಳೆದು ನೋಡಿದೆವು. ಬಿಳಿ ಪುಟದ ಮೇಲೆ ಹಳೆಯದೇ ತುಸು ಬೆಳ್ಳಗೆ! 18 ಸಾವಿರ ಕೊಟ್ಟದ್ದು ಎದೆಯಲ್ಲಿ ಚುರುಕ್ ಅಂದಿತು. ಅಂಗಡಿಗೆ ಒಯ್ದು ತೋರಿಸಿದರೆ, “ಪೀಸಿನಾಗ ಏನೂ ದೋಷ ಇಲ್ರಿ, ಬದಲ ಮಾಡಿ ಕೊಡಾಕ ಬರೂದಿಲ್ಲ” ಎಂದರು. ದೋಷವಿಲ್ಲ ಎಂಬ ಮಾತು ನಿಜವೇ ಎಂದು ಆಮೇಲೆ ಓದಿ ತಿಳಿದೆವು. ಆ 3000 ಎಂಬ ಅಂಕಿಯೂ ಸುಳ್ಳಲ್ಲ. ಆದರೆ ಅದು ನಮ್ಮ ಹುಡುಗಿಯ ಪುಟಕ್ಕೆ ಸಂಬಂಧಪಟ್ಟ ಅಂಕಿಯೇ ಅಲ್ಲ.

ನಿಟ್ ಎಂಬುದು ಬೆಳಗುವ ಮೈಯ ಹೊಳಪನ್ನು ಅಳೆಯುವ ಮಾನ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಲಗೆಯೊಂದು ಇಡಿಯಾಗಿ ಸೇರಿ ಹೆಚ್ಚುಕಡಿಮೆ ಒಂದು ಮೇಣದಬತ್ತಿಯಷ್ಟು ಬೆಳಗಿದರೆ ಅದು ಒಂದು ನಿಟ್. ಹಳೆಯ ಮೊಬೈಲಿನದು ಎಲ್‌ಸಿಡಿ ಪರದೆ. ಅದರ ಹಿಂದೆ ಒಂದೇ ದೀಪ ಇಡೀ ಪರದೆಗೆ ಉರಿಯುತ್ತದೆ. ಒಂದು ಚುಕ್ಕೆ ಬಿಳಿ ಇದ್ದರೂ ಅಷ್ಟೇ, ಇಡೀ ಪುಟ ಬಿಳಿ ಇದ್ದರೂ ಅಷ್ಟೇ. ಹೊಸದರದು ಓಲೆಡ್. ಇಲ್ಲಿ ಹಿಂದೆ ದೀಪವಿಲ್ಲ, ಪ್ರತಿ ಚುಕ್ಕೆಯೂ ತಾನೇ ಒಂದು ದೀಪ. ಕತ್ತಲ ಚಿತ್ರದ ನಡುವೆ ಒಂದು ಹಣತೆ ಉರಿಯುವ ದೃಶ್ಯವಿದ್ದರೆ ಇರುವ ಶಕ್ತಿಯನ್ನೆಲ್ಲ ಆ ಹಣತೆಗೆ ಸುರಿಯಬಹುದು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ ಇಂಥದ್ದು, ಪರದೆಯ ಸಣ್ಣ ತುಣುಕೊಂದು ಎಚ್‌ಡಿಆರ್ ವಿಡಿಯೋದಲ್ಲಿ ಮುಟ್ಟಬಲ್ಲ ತುದಿ. ಪಠ್ಯಪುಸ್ತಕದ ಪುಟದಲ್ಲಿ ಮುಕ್ಕಾಲುಪಾಲು ಬಿಳಿಯೇ. ಎಲ್ಲ ಚುಕ್ಕೆಗಳೂ ಒಟ್ಟಿಗೆ ಉರಿಯಬೇಕು. ಆಗ ಪ್ರತಿಯೊಂದಕ್ಕೂ ಸಿಗುವ ಪಾಲು ಸಣ್ಣದು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಬಡಿಸಿದ ತುಪ್ಪ ಕೊನೆಯ ಪಂಕ್ತಿಯ ತನಕ ಅದೇ ಧಾರೆಯಲ್ಲಿ ಬರುತ್ತದೆಯೇ?

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ಇಂಥ ಅನೇಕ ಮೊಬೈಲುಗಳಲ್ಲಿ ನಾವು ಕೈಯಿಂದ ಏರಿಸುವ ಬೆಳಕಿಗೆ ಒಂದು ಮಿತಿ ಇಟ್ಟಿರುತ್ತಾರೆ. ಅದರಾಚೆಯ ಬೆಳಕು ಬರಬೇಕಾದರೆ ಬೆಳಕನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಚಾಲೂ ಇರಬೇಕು, ಜೊತೆಗೆ ಮೊಬೈಲಿನ ಸೆನ್ಸರಿಗೆ ‘ಈಗ ಬಿಸಿಲಲ್ಲಿದ್ದೇನೆ’ ಎಂದು ತಿಳಿಯಬೇಕು. ಸೆನ್ಸರು ಇರುವುದು ಪರದೆಯ ಮೇಲ್ತುದಿಯಲ್ಲಿ. ನಮ್ಮ ಹುಡುಗಿ ಓದುವುದು ಹೇಗೆ? ಮುಖವನ್ನು ಪರದೆಗೆ ತಾಗಿಸಿದಂತೆ ಬಗ್ಗಿ. ಅವಳ ತಲೆಯ ನೆರಳು ನೇರ ಸೆನ್ಸರಿನ ಮೇಲೆ ಬೀಳುತ್ತದೆ. ಮೊಬೈಲು ಸಂಜೆಯಾಯಿತೆಂದು ತಿಳಿದು ಬೆಳಕನ್ನು ಇಳಿಸುತ್ತದೆ. ಬೆಳಕು ಇಳಿದಷ್ಟೂ ಅವಳು ಇನ್ನೂ ಹತ್ತಿರ ಬಗ್ಗುತ್ತಾಳೆ. ಬಗ್ಗಿದಷ್ಟೂ ಅದು ಇನ್ನೂ ಇಳಿಯುತ್ತದೆ! ಒಂದು ತೋಳು ದೂರದಲ್ಲಿ ಹಿಡಿದು ನೋಡುವ ನಮ್ಮಂಥವರಿಗೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ನಮಗೆ ಚೆನ್ನಾಗಿ ಕಂಡದ್ದು ಅವಳಿಗೆ ಮಬ್ಬಾಯಿತು. ಕಣ್ಣು ಸರಿಯಿರುವವನಿಗೆ ಧಾರಾಳ, ಕಣ್ಣು ಮಂದವಿರುವವಳಿಗೆ ಜುಗ್ಗ. ಎಂಥ ಜಾಣ ಯಂತ್ರ ನೋಡಿ!

ಪಡಸಾಲೆಯ ಬೆಳಕಿನದು ಬೇರೆಯೇ ಲೆಕ್ಕ. ಗಾಜು ತನ್ನ ಮೇಲೆ ನೇರ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಕನ್ನಡಿಯಂತೆ ಹಿಂದಕ್ಕೆ ಕೊಡುತ್ತದೆ. ನಾಲ್ಕೇ ಅಲ್ಲವೇ ಅನ್ನಬೇಡಿ. ಬಿಳಿ ಮೋಡದ ಹಗಲಿನ ಆಕಾಶದ ಹೊಳಪು ಸಾವಿರಾರು ನಿಟ್. 5000 ಎಂದು ಹಿಡಿದರೆ ಅದರ ನೂರಕ್ಕೆ ನಾಲ್ಕು ಅಂದರೆ 200. ಪುಟದ ಬಿಳಿ 400 ನಿಟ್ ಇದ್ದು ಅದರ ಮೇಲೆ ಈ 200ರ ತೆರೆ ಬಿದ್ದರೆ ಕಪ್ಪು ಅಕ್ಷರವೂ 200, ಸುತ್ತಲಿನ ಬಿಳಿ 600. ಮಸಿಯಂತೆ ಇರಬೇಕಾದ ಅಕ್ಷರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದೇ ಕಾಗದವನ್ನು ನೋಡಿ. ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಬಿಳಿ ಕಾಗದ ಅದರ ಮುಕ್ಕಾಲಿಗೂ ಹೆಚ್ಚು ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ, ಲೆಕ್ಕ ಹಾಕಿದರೆ 20 ಸಾವಿರ ನಿಟ್ ದಾಟುತ್ತದೆ. ಸೂರ್ಯ ಏರಿದಂತೆ ಪುಸ್ತಕ ಬೆಳಗುತ್ತದೆ, ಮೊಬೈಲು ಬಾಡುತ್ತದೆ. ಮಾರ್ಚಿ ತಿಂಗಳಲ್ಲಿ ಇನ್ನೊಂದು ತಾಪತ್ರಯ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮೈ ಕಾದರೆ ಮೊಬೈಲು ತನ್ನ ಜೀವ ಉಳಿಸಿಕೊಳ್ಳಲು ಪರದೆಯ ಬೆಳಕನ್ನು ಇನ್ನೂ ತಗ್ಗಿಸುತ್ತದೆ.

ಇದನ್ನೆಲ್ಲ ಇಷ್ಟು ಉದ್ದ ಬರೆಯಲು ಕಾರಣವಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡುಗಳ ಕತೆ ನಮ್ಮ ಸೋಲಾಪುರ ಜಿಲ್ಲೆಯದೇ. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದ ರಣಜಿತಸಿಂಹ ಡಿಸಲೆಯವರಿಗೆ ಆ ಕೆಲಸಕ್ಕಾಗಿಯೇ 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಬಂತು. ಅಲ್ಲಿನ ಹುಡುಗಿಯರ ಮನೆಮಾತು ಕನ್ನಡ, ಪುಸ್ತಕ ಅವರ ಮಾತಿನಲ್ಲಿರಲಿಲ್ಲ ಎಂಬ ಸಂಗತಿಯೂ ಆಗ ಸುದ್ದಿಯಾಗಿತ್ತು. ಅಂದಿನಿಂದ ಮೊಬೈಲು ಅಂದರೆ ಪಾಠದ ಸಾಮಾನು ಎಂದು ಎಲ್ಲರೂ ಒಪ್ಪಿದ್ದಾರೆ. ನಾವೂ ಒಪ್ಪುತ್ತೇವೆ. ಆದರೆ ಆ ಸಾಮಾನು ಮಗುವಿನ ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ಕೇಳುವ ಕಾಲಂ ನಾವು ತುಂಬುವ ಯಾವ ಫಾರ್ಮಿನಲ್ಲೂ ಇಲ್ಲ. ಶಾಲೆಯಲ್ಲಿ ಮೊಬೈಲು ಇದೆಯೇ? ಇದೆ. ಮುಗಿಯಿತು.

ಇತ್ತ ಹುಡುಗಿಯ ತಾಯಿ ಒಂದು ದಿನ ಶಾಲೆಗೆ ಬಂದರು. ಕೂಲಿಗೆ ಹೋಗುವವರು, ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. “ಕಣ್ಣ ಕಾಣದವರ ಸಾಲಿಗಿ ಹಾಕ್ರಿ ಅಂತ ಮಂದಿ ಹೇಳ್ತಾರ್ರಿ ಸರ. ದೂರ ಐತಂತ, ಅಲ್ಲೇ ಇಟ್ಕೋತಾರಂತ. ಇಕಿ ಓದಾಕ ಹತ್ಯಾಳ ಅಂತ ನಾ ಸುಮ್ನಿದ್ದೆ. ಈಗ ಮತ್ತ ಓದವಲ್ಳು ಅಂತಾಳ...” ಅಂಥ ಶಾಲೆಗಳ ಮೇಲೆ ನಮಗೆ ಅಗೌರವವಿಲ್ಲ. ಏನೂ ಕಾಣದ ಮಕ್ಕಳಿಗೆ ಅವು ದೊಡ್ಡ ಆಸರೆ. ಆದರೆ ಈ ಮಗುವಿಗೆ ಕಾಣುತ್ತದೆ. ಎಂಟು ವರ್ಷದ ಹುಡುಗಿ ತಾಯಿಯನ್ನೂ ಕನ್ನಡವನ್ನೂ ಬಿಟ್ಟು ಹೋಗಬೇಕಾದದ್ದು ಕಣ್ಣಿನ ದೆಸೆಯಿಂದಲ್ಲ, ಒಂದು ಪರದೆಯ ದೆಸೆಯಿಂದ ಎಂದಾದರೆ ನಾವು ಸುಮ್ಮನಿರಲು ಬಾರದು. “ಬ್ಯಾಸಗಿ ಸೂಟಿ ತನ ತಡೀರಿ ಅಕ್ಕಾರ” ಎಂದೆವು.

ಮೊದಲು ಬೆಳಕು ತಾನೇ ಹೊಂದಿಕೊಳ್ಳುವ ವ್ಯವಸ್ಥೆಯನ್ನು ಬಂದ್ ಮಾಡಿದೆವು. ಬಿಸಿಲಿನ ಬೆಳಕು ಸಿಗದಿದ್ದರೂ ಚಿಂತೆಯಿಲ್ಲ, ಇದ್ದಷ್ಟು ಇಳಿಯದೆ ನಿಲ್ಲಬೇಕು. ಬ್ಯಾಟರಿ ಉಳಿತಾಯದ ಗುಂಡಿ ಬಂದ್. ಪರದೆಯನ್ನು ಹಳದಿ ಮಾಡುವ ಕಣ್ಣಿನ ಆರಾಮದ ಗುಂಡಿಯೂ ಬಂದ್. ಆಮೇಲೆ ಜಾಗ ಬದಲಿಸಿದೆವು. ಪರದೆಯಲ್ಲಿ ಪ್ರತಿಬಿಂಬ ಕಾಣುವುದು ಓದುವವರ ಬೆನ್ನ ಹಿಂದೆ ಇರುವುದರದು. ಪಡಸಾಲೆಯ ಗೋಡೆಗೆ ಮುಖ ಮಾಡಿ ಕೂತರೆ ಬೆನ್ನ ಹಿಂದೆ ಇಡೀ ಆಕಾಶ. ಅವಳನ್ನು ಒಳಗೆ ಕರಿಹಲಗೆಗೆ ಬೆನ್ನು ಕೊಟ್ಟು ಕೂರಿಸಿದೆವು. ಕಪ್ಪು ಹಲಗೆ ಪರದೆಗೆ ಏನನ್ನೂ ಕಳಿಸುವುದಿಲ್ಲ. ಕಡೆಗೆ ಸೆಟ್ಟಿಂಗಿನೊಳಗೆ ಬಣ್ಣ ತಿರುವುಮುರುವು ಮಾಡುವ ಒಂದು ಸೌಲಭ್ಯ ಸಿಕ್ಕಿತು. ಒತ್ತಿದರೆ ಪುಟ ಕಪ್ಪಾಗಿ ಅಕ್ಷರ ಬೆಳ್ಳಗಾಗುತ್ತದೆ. ಓಲೆಡ್ ಪರದೆಯಲ್ಲಿ ಕಪ್ಪು ಅಂದರೆ ದೀಪ ಪೂರ್ತಿ ಆರಿದ ಕಪ್ಪು. ಚಿತ್ರಗಳು ಮಾತ್ರ ಫೋಟೋ ನೆಗೆಟಿವ್‌ನಂತೆ ಆಗಿ, ಪುಸ್ತಕದ ಅಜ್ಜಿ ದೆವ್ವದಂತೆ ಕಂಡಳು. ತರಗತಿಯೆಲ್ಲ ನಕ್ಕಿತು.

ಹುಡುಗಿ ನಗಲಿಲ್ಲ. ಪರದೆ ನೋಡುತ್ತಲೇ, “ಪಾಟಿ ಇದ್ದಂಗ ಐತ್ರಿ” ಅಂದಳು. ಆಮೇಲೆ ‘ಹಳ್ಳಿ’ ಓದಿದಳು. ‘ಅಕ್ಕ’ ಓದಿದಳು. ‘ಧನ’ ಇನ್ನೂ ‘ದನ’ವೇ ಆಗಿದೆ, ಆದರೆ ಅದು ನಮ್ಮ ಶಾಲೆಯ ಎಲ್ಲ ಮಕ್ಕಳ ಬಾಯಲ್ಲೂ ‘ದನ’ವೇ, ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ ಬಿಡಿ.

ಹಾಗೆಂದು ಹೊಸ ಮೊಬೈಲು ಹಳೆಯದಕ್ಕೆ ಸಮವಾಯಿತು ಎಂದಲ್ಲ. ಹತ್ತು ನಿಮಿಷ ಓದಿದರೆ ಅವಳಿಗೆ ಕಣ್ಣಲ್ಲಿ ನೀರು ಬರುತ್ತದೆ. ಹಳೆಯದರಲ್ಲಿ ಅರ್ಧ ತಾಸು ಓದುತ್ತಿದ್ದಳು. ಹಳೆಯದಕ್ಕೆ ಬ್ಯಾಟರಿ ಹಾಕಿಸೋಣವೆಂದರೆ ಆ ಮಾಡೆಲಿನ ಅಸಲಿ ಬ್ಯಾಟರಿ ಈಗ ಬರುವುದಿಲ್ಲ ಎನ್ನುತ್ತಾರೆ. ಸದ್ಯಕ್ಕೆ ಅದನ್ನು ಚಾರ್ಜರಿನ ತಂತಿಗೇ ಕಟ್ಟಿಹಾಕಿದಂತೆ ಇಟ್ಟಿದ್ದೇವೆ. ಕರೆಂಟು ಇದ್ದಾಗ ಅದು, ಕರೆಂಟು ಹೋದಾಗ ಇದು.

ಬಿಸಿಲಿನ ಲೆಕ್ಕ ಹಾಕಿದ ಮೇಲೆ ಕಾಗದದ ದಾರಿಯನ್ನೂ ಹಿಡಿದಿದ್ದೇವೆ. ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿದರೆ ಅಕ್ಷರ 141 ಪ್ರತಿಶತ ಆಗುತ್ತದೆ, ಅದು ಅವಳಿಗೆ ಸಾಲದು. ಪುಟವನ್ನು ಅಡ್ಡಲಾಗಿ ಅರ್ಧ ಮಾಡಿ, ಒಂದೊಂದು ಅರ್ಧವನ್ನೂ ಒಂದು ಎ3 ಹಾಳೆಗೆ ಹಿಗ್ಗಿಸಿದರೆ ಮೂಲದ ಎರಡು ಪಟ್ಟು. ಬೇವಿನ ಮರದ ಅಂಚಿನ ಬೆಳಕಿನಲ್ಲಿ ಆ ಹಾಳೆ ಹಾಸಿಕೊಂಡು, ಮೊಣಕಾಲೂರಿ, ಒತ್ತಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಾಳೆ. ಅಕ್ಕಲಕೋಟೆಯ ಝೆರಾಕ್ಸ್ ಅಂಗಡಿಯವರಿಗೆ ವಿಷಯ ಹೇಳಿದ ಮೇಲೆ ಹಾಳೆಯ ದುಡ್ಡು ಮಾತ್ರ ತೆಗೆದುಕೊಳ್ಳುತ್ತಿದ್ದಾರೆ. ಕನ್ನಡ ಪುಸ್ತಕದ ಹನ್ನೊಂದು ಪಾಠಗಳಾಗಿವೆ. ಉಳಿದವನ್ನು ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೋಗಿ ಮಾಡಿಸಬೇಕು. ಗಣಿತದ ಪುಸ್ತಕ ಇನ್ನೂ ಶುರುವಾಗಿಲ್ಲ.