ಬಳಪದ ಕಲ್ಲೂ ಬದುಕಿನ ದಾರಿಯೂ

ಅರಸೀಕೆರೆ ಜಂಕ್ಷನ್‌ನಲ್ಲಿ ಎರಡು ಬಗೆಯ ಪಯಣಿಗರು ಸಿಗುತ್ತಾರೆ: ಬೇಲೂರು, ಹಳೇಬೀಡು ನೋಡಲು ಇಳಿಯುವವರು, ಕೆಲಸ ಹುಡುಕಿಕೊಂಡು ಬೆಂಗಳೂರಿನ ರೈಲು ಹತ್ತುವ ಹುಡುಗರು.

ತೆಂಗಿನ ತೋಟಗಳನ್ನು ದಾಟಿ ಹಳೇಬೀಡಿಗೆ ಬನ್ನಿ. ಇಲ್ಲಿಯ ಬಳಪದ ಕಲ್ಲಿನಲ್ಲಿ ಕ್ಲೋರೈಟ್, ಟಾಲ್ಕ್‌ನಂಥ ಮೆದು ಖನಿಜಗಳಿವೆ. ಆದ್ದರಿಂದಲೇ ಅದು ಉಳಿಗೆ ಒಲಿಯಿತು. ಅಲ್ಲಿಂದ ಸುಮಾರು 16 ಕಿ.ಮೀ. ದೂರದ ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಗುಡಿ ಕಟ್ಟಿಸಿದ. ಬಳ್ಳಿಗಾವಿಯಿಂದ ಬಂದ ದಾಸೋಜ ಇಲ್ಲಿ ದುಡಿದು ತನ್ನ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದ. ಅಂದರೆ ಅಂದು ದೂರದ ಕುಶಲಿಗಳು ಕೆಲಸಕ್ಕಾಗಿ ಈ ಊರಿಗೇ ಬರುತ್ತಿದ್ದರು!

2023ರಲ್ಲಿ ಈ ಗುಡಿಗಳು ಸೋಮನಾಥಪುರದೊಡನೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು. ರಾಜ್ಯದ 2025-30ರ ಕೈಗಾರಿಕಾ ನೀತಿಯ ಗುರಿ 20 ಲಕ್ಷ ಉದ್ಯೋಗ. 2024-29ಕ್ಕೆ ಪ್ರವಾಸೋದ್ಯಮ ನೀತಿ ಬೇರೆಯೇ ಇದೆ. ಅವುಗಳಲ್ಲಿ ಈ ಸೀಮೆಯ ಪಾಲೆಷ್ಟು? ಬೆಳಿಗ್ಗೆ ಬಂದು ಸಂಜೆ ಮರಳುವ ಪ್ರವಾಸಿಯಿಂದ ಎಳನೀರಿನವನಿಗೆ, ಹೋಟೆಲಿನವನಿಗೆ ನಾಲ್ಕು ಕಾಸು, ಅಷ್ಟೆ. ಒಂದು ರಾತ್ರಿ ತಂಗಿದರೆ ಕೊಠಡಿ, ಊಟ, ವಾಹನ, ಮಾರ್ಗದರ್ಶಿ ಎಂದು ನಾಲ್ಕಾರು ಮನೆಗಳಿಗೆ ಸಂಪಾದನೆ. ಎಷ್ಟು ಜನ ಬಂದರು ಎಂಬುದಕ್ಕಿಂತ ಎಷ್ಟು ಜನ ತಂಗಿದರು ಎಂಬ ಲೆಕ್ಕವೇ ಮುಖ್ಯ.

ವಿದ್ಯಾರ್ಥಿಗಳೇ, ಚರಿತ್ರೆಯ ಜೊತೆಗೆ ಶಿಲೆಯ ವಿಜ್ಞಾನವನ್ನೂ ಒಂದು ಪರಭಾಷೆಯನ್ನೂ ಕಲಿಯಿರಿ. ಪಾಲಕರೇ, ಮಾರ್ಗದರ್ಶಿಯ ಕೆಲಸವನ್ನು ಕೀಳೆಂದು ಕಾಣಬೇಡಿ. ಅದೂ ಓದು ಬೇಡುವ ವೃತ್ತಿಯೇ.