ಕಸ್ತೂರಿ ಕೆಳಗಿನ ಡೆಬೊನೇರ್

ಅಟ್ಟದಿಂದ ಟ್ರಂಕು ಇಳಿಸಿದವನು ತಮ್ಮ, ಬೀಗ ಒಡೆದವಳು ನಾನು. ಅಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಧಾರವಾಡದ ಸಪ್ತಾಪುರದ ಮನೆ ಸೋರಲು ಶುರುವಾಗಿ, ಮಳೆಗಾಲದೊಳಗೆ ಅಟ್ಟ ಖಾಲಿ ಮಾಡಿಕೊಟ್ಟರೆ ಹಂಚು ತಿರುವಿ ಹಾಕ್ತೀನಿ ಅಂತ ಗೌಂಡಿ ಹೇಳಿದ್ದ. ನಾನು ಬೆಂಗಳೂರಿಂದ, ಅವನು ಪುಣೆಯಿಂದ, ಒಂದು ಶನಿವಾರ ನೋಡಿಕೊಂಡು ಬಂದಿದ್ದೆವು.

ಟ್ರಂಕಿನ ಮೇಲ್ಪದರದಲ್ಲಿ ಕಸ್ತೂರಿ. ನಮ್ಮ ಹುಬ್ಬಳ್ಳಿಯಿಂದ 1956ರಿಂದ ಬರುತ್ತಿರುವ ಆ ಪುಟ್ಟ ಮಾಸಿಕವನ್ನು, ಅದರಲ್ಲೂ ಪಾ.ವೆಂ. ಆಚಾರ್ಯರು ಸಂಪಾದಕರಾಗಿದ್ದ ಕಾಲದ ಸಂಚಿಕೆಗಳನ್ನು, ಅಪ್ಪ ದೇವರ ಪುಸ್ತಕದ ಹಾಗೆ ಕಾಯುತ್ತಿದ್ದರು. ಅದರ ಕೆಳಗೆ ಸುತಳಿ ಕಟ್ಟಿದ ಸುಧಾ. ಸುಧಾದ ಕೆಳಗೆ ಖಾಕಿ ಕಾಗದದಲ್ಲಿ ಸುತ್ತಿದ ಎರಡು ದಪ್ಪ ಕಟ್ಟು. ಬಿಚ್ಚಿದರೆ ಡೆಬೊನೇರ್. ಎಣಿಸಿದೆ. ಮೂವತ್ತೊಂದು.

ತಮ್ಮ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಪ್ಪಾ ಭಾರಿ ಮನಶ್ಯಾ ಇದ್ದ ನೋಡಕ್ಕಾ!" ಇಪ್ಪತ್ತು ವರ್ಷದಿಂದ ಅಪ್ಪನ ಜೊತೆ ಹವಾಮಾನ, ಬ್ಯಾಂಕ್ ಬಡ್ಡಿ ಬಿಟ್ಟು ಬೇರೆ ಮಾತಾಡದ ಹುಡುಗ, ಆ ಗಳಿಗೆಯಲ್ಲಿ ಅಪ್ಪನ ಹೆಗಲ ಮೇಲೆ ಕೈ ಹಾಕಿದ ಹಾಗಿತ್ತು. ನನಗೆ ನಗು ಬರಲಿಲ್ಲ.

ಹೆಸರು ಕೇಳಿರದವರಿಗೆ ಹೇಳಬೇಕು. ಡೆಬೊನೇರ್ ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಮುಂಬೈಯಲ್ಲಿ ಶುರುವಾದ ಇಂಗ್ಲಿಷ್ ಮಾಸಿಕ. ಗಂಡಸರಿಗಾಗಿ. ಅಮೆರಿಕದ ಪ್ಲೇಬಾಯ್ ನೋಡಿ ಮಾಡಿದ್ದು ಅಂತ ಯಾರೂ ಮುಚ್ಚಿಟ್ಟಿರಲಿಲ್ಲ. ನಡುವಿನ ಹಾಳೆಯಲ್ಲಿ ಅರೆಬೆತ್ತಲೆ ಹುಡುಗಿ, ಸುತ್ತ ಸಂದರ್ಶನ, ರಾಜಕೀಯ, ಕಥೆ, ಕಾರ್ಟೂನು. 1974ರಲ್ಲಿ ಅದರ ಸಂಪಾದಕರಾದವರು ಅದಕ್ಕೂ ಮೊದಲು ಜಾಹೀರಾತು ಬರೆಯುತ್ತಿದ್ದ ವಿನೋದ್ ಮೆಹ್ತಾ. ಹೌದು, ಮುಂದೆ 1995ರಲ್ಲಿ ಔಟ್‌ಲುಕ್ ಕಟ್ಟಿದ ಅದೇ ಮೆಹ್ತಾ. ವಾಜಪೇಯಿ ಅವರು ಒಮ್ಮೆ ಸಿಕ್ಕಾಗ, ಪತ್ರಿಕೆ ಚೆನ್ನಾಗಿದೆ, ಆದರೆ ದಿಂಬಿನ ಕೆಳಗೆ ಇಟ್ಟುಕೊಳ್ಳಬೇಕಾಗುತ್ತದೆ ಅಂದಿದ್ದರಂತೆ. ಇದು ಮೆಹ್ತಾ ಹೇಳಿಕೊಂಡಿದ್ದ ಪ್ರಸಂಗ. ದೆಹಲಿಯಲ್ಲಿ ದಿಂಬು, ಧಾರವಾಡದಲ್ಲಿ ಕಸ್ತೂರಿ.

ನನಗೆ ಯಾಕೆ ನಗು ಬರಲಿಲ್ಲ ಅಂದರೆ, 2004. ನಾನು ಪಿಯುಸಿ ಎರಡನೇ ವರ್ಷ. ಹಾಸ್ಟೆಲಿನ ಗೆಳತಿಯೊಬ್ಬಳ ಹತ್ತಿರ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆ ಇಸಿದುಕೊಂಡು ಬಂದಿದ್ದೆ. ಅದರಲ್ಲಿ ಸ್ತನ ಪರೀಕ್ಷೆ ಮನೆಯಲ್ಲೇ ಹೇಗೆ ಮಾಡಿಕೊಳ್ಳಬೇಕು ಅಂತ ಚಿತ್ರ ಸಮೇತ ಒಂದು ಲೇಖನ, ಎದುರು ಪುಟದಲ್ಲಿ ಒಳಉಡುಪಿನ ಜಾಹೀರಾತು. ಅಪ್ಪ ಬ್ಯಾಂಕಿನಿಂದ ಬಂದು, ಕಾಲು ತೊಳೆದು, ಕುರ್ಚಿ ಮೇಲಿದ್ದ ಅದನ್ನು ಎತ್ತಿ ತಿರುವಿದರು. ಎರಡು ತುಂಡು ಮಾಡಿದರು, ನಾಲ್ಕು ಮಾಡಿದರು. "ಇಂಥಾ ಹೊಲಸು ನನ್ನ ಮನ್ಯಾಗ ಬರಬಾರದು" ಅಂದು ಬಚ್ಚಲ ಒಲೆಗೆ ಹಾಕಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಗೆಳತಿಗೆ ಪತ್ರಿಕೆಯ ದುಡ್ಡು ಕೊಡಲು ಒಂದು ತಿಂಗಳು ಗಿರಮಿಟ್ಟು, ಮಿರ್ಚಿ ಎಲ್ಲ ಬಿಟ್ಟೆ. ಆಮೇಲೆ ಆರು ತಿಂಗಳು ನನ್ನ ಬ್ಯಾಗು ತಪಾಸಣೆ ಆಗುತ್ತಿತ್ತು. ತಮ್ಮನ ಬ್ಯಾಗು ಯಾವತ್ತೂ ಆಗಲಿಲ್ಲ.

ಅಂದರೆ, ಆ ಒಲೆಯ ಮೇಲಿನ ಅಟ್ಟದಲ್ಲೇ ಆ ದಿನವೂ ಈ ಮೂವತ್ತೊಂದು ಇದ್ದವು. ಬಚ್ಚಲಿನ ಹೊಗೆಯಿಂದ ಒಂದು ಕಟ್ಟಿನ ಅಂಚು ಕಂದಾಗಿದೆ ಕೂಡ.

ಶನಿವಾರ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಿಗೆ ಒಂದಷ್ಟು ಸಾಕ್ಷಿ ಸಿಗಲಿ ಅಂತಲೇ ಅವುಗಳನ್ನು ತಿರುವಲು ಕೂತೆ. ಮೊದಲು ಗೊತ್ತಾದದ್ದು, ಅಪ್ಪ ಒಂದನ್ನೂ ಹೊಸದಾಗಿ ಕೊಂಡಿರಲಿಲ್ಲ. ಪ್ರತಿ ಮುಖಪುಟದ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಬರೆದ ರದ್ದಿ ಅಂಗಡಿಯ ರೇಟು: ಒಂದೂವರೆ, ಎರಡು. ಕೆಲವಕ್ಕೆ ಹುಬ್ಬಳ್ಳಿಯ ಯಾವುದೋ ಬಾಡಿಗೆ ಲೈಬ್ರರಿಯ ಸಿಕ್ಕೆ. 1976ರ ಸಂಚಿಕೆಯನ್ನು 1978ರಲ್ಲಿ ಓದಿದ್ದಾರೆ. ಹಿಂಬದಿ ರಟ್ಟಿನ ಮೇಲೆ ಅವರದೇ ಅಕ್ಷರದಲ್ಲಿ ತಾರೀಖಿದೆ. ಬ್ಯಾಂಕಿನವರು, ತಾರೀಖು ಹಾಕದೆ ಏನನ್ನೂ ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ.

ಮಾರುವವನಿಗೂ ಆಗ ಧೈರ್ಯ ಬೇಕಿತ್ತು ಅನ್ನಿ. ಆಗಿನ ದಂಡಸಂಹಿತೆಯ 292ನೇ ಕಲಮಿನಲ್ಲಿ ಅಶ್ಲೀಲ ಅನ್ನಿಸಿಕೊಂಡ ಪುಸ್ತಕ ಮಾರಿದರೂ ಅಪರಾಧವಾಗಿತ್ತು. 'ಲೇಡಿ ಚಾಟರ್ಲೀಸ್ ಲವರ್' ಮಾರಿದ್ದಕ್ಕೆ ಮುಂಬೈಯ ಪುಸ್ತಕದಂಗಡಿಯ ರಂಜಿತ್ ಉದೇಶಿಗೆ ಇಪ್ಪತ್ತು ರೂಪಾಯಿ ದಂಡ ಬಿದ್ದು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1964ರಲ್ಲಿ ಅಲ್ಲೂ ಅದು ಖಾಯಂ ಆಯಿತು. ಬರೆದ ಲಾರೆನ್ಸ್ ಸತ್ತು ಮೂವತ್ತನಾಲ್ಕು ವರ್ಷವಾಗಿತ್ತು. ಸಿಕ್ಕಿಬಿದ್ದವನು ಅಂಗಡಿಯವ. ಹಾಗಾಗಿ ಹಳೇ ಪುಸ್ತಕದವರು ಇಂಥವನ್ನು ಹೊರಗೆ ನೇತುಹಾಕುತ್ತಿರಲಿಲ್ಲ. ಗಿರಾಕಿಯ ಮುಖ ನೋಡಿ ಒಳಗಿನಿಂದ ತೆಗೆಯುತ್ತಿದ್ದರು. ಅಪ್ಪನ ಮುಖ ನೋಡಿ ತೆಗೆದಿದ್ದಾರೆ ಅನ್ನುವುದನ್ನು ನನಗೆ ಇನ್ನೂ ಕಲ್ಪಿಸಿಕೊಳ್ಳಲು ಆಗುತ್ತಿಲ್ಲ.

ಮೂವತ್ತೊಂದರಲ್ಲಿ ಒಂಬತ್ತಕ್ಕೆ ನಡುವಿನ ಹಾಳೆ ಇಲ್ಲ. ಉಳಿದವಕ್ಕೆ ಇದೆ. ಅದನ್ನೂ ನೋಡಿದೆ. ನನ್ನ ಫೋನಿನಲ್ಲಿ ಬೇಡ ಅಂದರೂ ಬರುವ ಜಾಹೀರಾತುಗಳ ಮುಂದೆ ಅವು ಪಾಪ ಅನ್ನಿಸುವಂಥ ಚಿತ್ರಗಳು. ಆದರೆ ಹುಡುಗಿಯರ ಮುಖ ನೋಡಿದಾಗ ಹಾಗನ್ನಿಸಲಿಲ್ಲ. ಒಬ್ಬಳಿಗೆ ನಾನು ಪತ್ರಿಕೆ ತಂದ ದಿನದ ನನ್ನಷ್ಟೇ ವಯಸ್ಸಿರಬಹುದು. ಅವಳ ಅಪ್ಪನೂ ಎಲ್ಲೋ ಇದ್ದಿರಬೇಕು.

ಆಮೇಲೆ ಕಂಡದ್ದು ಪೆನ್ಸಿಲ್ಲು.

ಲೇಖನಗಳ ಪಕ್ಕದಲ್ಲಿ, ಅಂಚಿನ ತುಂಬಾ, ಇರುವೆಸಾಲಿನ ಹಾಗೆ ಕನ್ನಡ ಅಕ್ಷರ. 'ಡೇಟಾಂಟ್' ಅನ್ನುವ ಪದದ ಕೆಳಗೆ ಗೆರೆ, ಪಕ್ಕದಲ್ಲಿ "ಬಿಗುವು ಸಡಿಲಾಗುವುದು". 'ಸಿನಿಕ್': "ಯಾರನ್ನೂ ನಂಬದವ". 'ಫಸಾಡ್': "ಮುಂಬದಿ, ತೋರಿಕೆ". ಕೆಲವು ಕಡೆ ಅರ್ಥ ಸಿಗದೆ ಬರೀ ಪ್ರಶ್ನಾರ್ಥಕ ಚಿಹ್ನೆ. ಅಪ್ಪ ಕುಂದಗೋಳ ತಾಲೂಕಿನ ಹಳ್ಳಿಯವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಶಾಲೆ. ಕರ್ನಾಟಕ ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಬೆವರಿದ್ದನ್ನು, ಬ್ಯಾಂಕಿನಲ್ಲಿ ಪ್ರಮೋಷನ್ ಪರೀಕ್ಷೆಗೆ ಎರಡು ಸಲ ಕೂತದ್ದನ್ನು ಅವರೇ ಹೇಳುತ್ತಿದ್ದರು. ಇಂಗ್ಲಿಷ್ ಹೇಗೆ ಕಲಿತರು ಅಂದರೆ "ಓದಿ" ಅನ್ನುತ್ತಿದ್ದರು. ಏನನ್ನು ಅಂತ ನಾವು ಕೇಳಿರಲಿಲ್ಲ.

ಒಂದು ಪುಟದಲ್ಲಿ 'ವೋಲ್ಟ್ ಫೇಸ್' ಸಿಕ್ಕಿತು. ಫ್ರೆಂಚ್ ಮೂಲದ ಪದ, ಉಚ್ಚಾರ ವೋಲ್ಟ್-ಫಾಸ್. ಅಪ್ಪ ಅದರ ಪಕ್ಕ ಬರೆದದ್ದು: "ಉಲ್ಟಾ ಹೊಡೆಯುವುದು". ಇದು ನಮ್ಮ ಮನೆಯ ಪದ. ನಾನು ಸೈನ್ಸ್ ಬೇಡ, ಆರ್ಟ್ಸ್ ತೊಗೋತೀನಿ ಅಂದಾಗ ಅಪ್ಪ, "ಇದೇನಿದು ವೋಲ್ಟಫೇಸು?" ಅಂದಿದ್ದರು. ಅವ್ವ ಉಪ್ಪಿಟ್ಟು ಅಂದು ಅವಲಕ್ಕಿ ಮಾಡಿದರೂ ವೋಲ್ಟಫೇಸು. ವೋಲ್ಟೇಜಿನ ವೋಲ್ಟು, ಫೇಸ್ ಪೌಡರಿನ ಫೇಸು. ನಾನೂ ಹಾಗೇ ಕಲಿತು, ಬೆಂಗಳೂರಿನ ಮೊದಲ ಕೆಲಸದಲ್ಲಿ, ಹನ್ನೆರಡು ಜನರ ಮೀಟಿಂಗಿನಲ್ಲಿ ಅಷ್ಟೇ ಆತ್ಮವಿಶ್ವಾಸದಿಂದ ಹೇಳಿದೆ. ಯಾರೋ ಮೆತ್ತಗೆ ತಿದ್ದಿದರು, ಇಬ್ಬರು ಲ್ಯಾಪ್‌ಟಾಪ್ ಹಿಂದೆ ಮುಖ ಮುಚ್ಚಿಕೊಂಡರು. ಆ ರಾತ್ರಿ ಪೀಜಿಯಲ್ಲಿ ಅಪ್ಪನನ್ನು ಎಷ್ಟು ಬೈದುಕೊಂಡಿದ್ದೆ! ಈಗ ಆ ಪದ ಎಲ್ಲಿಂದ ಬಂತು ಅಂತ ಗೊತ್ತಾಯಿತು. ಕೇಳಿ ಕಲಿತ ಪದ ಅಲ್ಲ, ಕಣ್ಣಲ್ಲಿ ಮಾತ್ರ ಕಂಡ ಪದ. ಉಚ್ಚರಿಸಿ ತೋರಿಸುವವರು ಅವರ ಸುತ್ತ ಒಬ್ಬರೂ ಇರಲಿಲ್ಲ.

"ನಾನು ಲೇಖನಕ್ಕಾಗಿ ಓದ್ತೀನಿ" ಅನ್ನುವುದು ಇಂಥ ಪತ್ರಿಕೆಗಳ ಬಗ್ಗೆ ಜಗತ್ತಿನ ಹಳೇ ಜೋಕು. ಅದನ್ನು ನಿಜವಾಗಿ ಹೇಳಬಹುದಾದವರು ಅಮೆರಿಕದ ಅಂಧ ಓದುಗರು: ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಸೇವೆ 1970ರಿಂದ ಪ್ಲೇಬಾಯನ್ನು ಬ್ರೈಲ್‌ನಲ್ಲಿ ಕೊಡುತ್ತಿತ್ತು, ಚಿತ್ರ ಇಲ್ಲದೆ. 1985ರಲ್ಲಿ ಸಂಸತ್ತು ಅದರ ದುಡ್ಡು ನಿಲ್ಲಿಸಿತು, ಮರುವರ್ಷ ಕೋರ್ಟು ಅದು ತಪ್ಪು ಅಂದಿತು. ಡೆಬೊನೇರಿನಲ್ಲೂ ಓದಲು ನಿಜಕ್ಕೂ ಇತ್ತು. ಒಂದು ಕಾಲದಲ್ಲಿ ಅದರ ಕವಿತೆಗಳನ್ನು ಆರಿಸುತ್ತಿದ್ದವರು ಇಮ್ತಿಯಾಜ್ ಧಾರ್ಕರ್; 2014ರಲ್ಲಿ ಬ್ರಿಟನ್ನಿನ ರಾಣಿಯ ಚಿನ್ನದ ಪದಕ ಪಡೆದ ಕವಿ. ಗಂಡಸರ ಪತ್ರಿಕೆಯಲ್ಲಿ ಯಾವ ಕವಿತೆ ಇರಬೇಕು ಅಂತ ಒಬ್ಬ ಹೆಂಗಸು ತೀರ್ಮಾನಿಸುತ್ತಿದ್ದರು. ಕವಿತೆಯ ಪುಟಗಳಲ್ಲಿ ಅಪ್ಪನ ಪೆನ್ಸಿಲ್ ಓಡಾಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬೆಳಗ್ಗೆ ಎದ್ದಾಗ ಸಿಟ್ಟು ಕರಗಿತ್ತು ಅಂತ ಬರೆದರೆ ಸುಳ್ಳಾಗುತ್ತೆ. ಇನ್ನೂ ಸಿಕ್ಕಾಗಿತ್ತು. ಗೊತ್ತಿಲ್ಲದ ಜಗತ್ತನ್ನು ಕದ್ದು ಪುಟ ತಿರುವಿ ಕಲಿತ ಮನುಷ್ಯ, ಮಗಳು ಅದನ್ನೇ ಮಾಡಿದಾಗ ಒಲೆಗೆ ಹಾಕಿದ್ದು ಯಾಕೆ? ಕೇಳಲು ಅವರಿಲ್ಲ. ಅವರ ಫೋನು ಕೂಡ ಲಾಕ್ ಆಗಿಯೇ ಕಪಾಟಿನಲ್ಲಿದೆ. ಪಿನ್ ಗೊತ್ತಿಲ್ಲ, ಗೊತ್ತಿದ್ದರೂ ತೆರೆಯುತ್ತಿರಲಿಲ್ಲ ಅನ್ನಿಸುತ್ತೆ.

ಅವ್ವ ಪಡಸಾಲೆಯಲ್ಲಿ ಜೋಳ ಹಸನ ಮಾಡುತ್ತ ಕೂತಿದ್ದಳು. ತಮ್ಮ ಸ್ನಾನಕ್ಕೆ ಹೋದದ್ದು ನೋಡಿಕೊಂಡು ಕೇಳಿದೆ.

"ಅವ್ವಾ, ಆ ಟ್ರಂಕಿನ್ಯಾಗ ಏನಿತ್ತಂತ ನಿನಗ ಗೊತ್ತಿತ್ತೇನ?"

"ಗೊತ್ತಿಲ್ಲದೇನ. ವರ್ಷಾ ದೀಪಾವಳಿಗೆ ಅಟ್ಟಾ ಜಾಡಿಸಾಕಿ ನಾನ. ಅದರಾಗ ಡಾಂಬರ ಗುಳಿಗಿ ಹಾಕಿದಾಕಿನೂ ನಾನ."

"ಮತ್ತ ಏನೂ ಅನ್ನಲಿಲ್ಲ?"

"ಏನ ಅನ್ನೂದು. ಮದುವ್ಯಾಗಿ ಬಂದಾಗ ನನಗ ಹತ್ತೊಂಬತ್ತು. ಮೊದಲನೇ ಸಲ ನೋಡಿದಾಗ ಒಂದಿನ ಪೂರಾ ಉಂಡಿದ್ದಿಲ್ಲ. ಆಮ್ಯಾಲೆ ಬಿಟ್ಟೆ. ಕುಡೀತಿದ್ದಿಲ್ಲ, ಇಸ್ಪೀಟ ಆಡತಿದ್ದಿಲ್ಲ. ಕಾಗದ ಅಲಾ, ಅಂದೆ. ನರಗುಂದಕ್ಕ ವರ್ಗಾ ಆದಮ್ಯಾಲೆ ತರೂದೂ ನಿಂತತು."

ಒಂದು ಹರಳು ಆರಿಸಿ ತೆಗೆದು ಪಕ್ಕಕ್ಕಿಟ್ಟಳು. ಇನ್ನೊಂದು. ನನ್ನ ಮುಖ ನೋಡದೇ ಅಂದಳು: "ನಿಂದು ಹರದ್ರಲ್ಲ, ಅವತ್ತ ಅನ್ನಬೇಕಿತ್ತು ನಾ. ಅಟ್ಟಾ ತೋರಿಸಿ ಅನ್ನಬೇಕಿತ್ತು. ಬಾಯಿ ಬರಲಿಲ್ಲವಾ."

ಅವ್ವನಿಗೆ ಅದು ನೆನಪಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವತ್ತು ಅವಳು ಒಲೆಯ ಮುಂದೆ ನಿಂತು ಬೂದಿ ಕೆದಕುತ್ತಿದ್ದಳು, ನನಗೆ ಬೆನ್ನು ಮಾಡಿ. ನಾನು ಆ ಬೆನ್ನನ್ನು ಇಷ್ಟು ವರ್ಷ ಅಪ್ಪನ ಪಕ್ಷ ಅಂತ ಓದಿಕೊಂಡಿದ್ದೆ. ಒಂಬತ್ತು ಸಂಚಿಕೆಯ ನಡುವಿನ ಹಾಳೆ ಯಾರು ತೆಗೆದರು ಅಂತ ಕೇಳಬೇಕು ಅಂತ ಬಾಯಿಗೆ ಬಂದಿತ್ತು. ಕೇಳಲಿಲ್ಲ. ಅವಳ ಜೊತೆ ಕೂತು ಜೋಳ ಆರಿಸಿದೆ.

ತಮ್ಮ ಭಾನುವಾರ ರಾತ್ರಿ ಹೊರಟ. ನಾನು ಒಂದು ದಿನ ರಜೆ ಹಾಕಿ, ಸೋಮವಾರ ಎರಡು ಕೈಚೀಲ ತುಂಬಿಕೊಂಡು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ದುರ್ಗದಬೈಲ್ ಕಡೆಯ ಒಂದು ರದ್ದಿ ಅಂಗಡಿ. ಮುದುಕ ಮಾಲೀಕ ಮೊದಲ ಮುಖಪುಟ ನೋಡಿ, ನನ್ನನ್ನು ನೋಡಿ, ಹುಡುಗನನ್ನು ಚಹಾ ತರಲು ಕಳಿಸಿದರು.

"ಯಾರೂವ್ರೀ ಇವು?"

"ನಮ್ಮ ಅಪ್ಪಾರವು."

"ಹೋಗ್ಯಾರೇನ್ರೀ?" ಅಂದರು. ಹೂಂ ಅಂದೆ. ಆಮೇಲೆ ಸೀದಾ ವ್ಯವಹಾರ. ಈಗ ಹಳೇವನ್ನು ಕೂಡಿಸುವವರು ಇದ್ದಾರೆ, ಕಿಲೋ ಲೆಕ್ಕ ಅಲ್ಲ, ಒಂದೊಂದಕ್ಕೆ ರೇಟು. ನಡುವಿನ ಹಾಳೆ ಇರಬೇಕು. ಒಂಬತ್ತು ಬದಿಗೆ ಹೋದವು. ಉಳಿದವನ್ನು ಒಂದೊಂದೇ ತಿರುವುತ್ತ ಅವರ ಕೈ ನಿಂತಿತು.

"ಇದರಾಗ ಬರದಾರಲ್ರೀ ಪೆನ್ಸಿಲ್‌ಲೆ. ಬರದದ್ದಕ್ಕ ರೇಟ್ ಇಲ್ರಿ. ಬೇಕಾರ ರಬ್ಬರ್‌ಲೆ ಅಳಿಸಿಕೊಂಡ ಬರ್ರಿ, ತೊಗೋತೇನಿ."

ಬರೆಯದೇ ಇದ್ದವು ಎಂಟು. ಎಂಟಕ್ಕೆ ಕೊಟ್ಟ ದುಡ್ಡು ಗೌಂಡಿಯ ಒಂದು ದಿನದ ಪಗಾರಿಗೂ ಸಾಲುವಂತಿರಲಿಲ್ಲ. ಇಪ್ಪತ್ಮೂರು ವಾಪಸ್ ಚೀಲಕ್ಕೆ ಹೋದವು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಉಣಕಲ್ ಕೆರೆ ಬರುವ ಹೊತ್ತಿಗೆ ಪಕ್ಕದ ಹೆಂಗಸು ಚೀಲದೊಳಗೆ ಇಣುಕಿದ ಹಾಗಾಯ್ತು, ಮುಖಪುಟ ಒಳಮುಖ ಮಾಡಿ ಮೇಲೆ ದುಪಟ್ಟಾ ಹಾಕಿಕೊಂಡೆ.

ಅವ್ವ ಬಾಗಿಲಲ್ಲೇ ಚೀಲ ಇಸಿದುಕೊಂಡಳು. "ತೊಗೊಳ್ಳಲಿಲ್ಲೇನ?"

"ಅಪ್ಪ ಬರದಾನಂತ. ಅದಕ್ಕ ಬ್ಯಾಡಂತ."

"ಏನ ಬರದಾರ?"

ಒಂದನ್ನು ತೆಗೆದು, ಚಿತ್ರದ ಪುಟ ಹಾರಿಸಿ, ವೋಲ್ಟಫೇಸು ತೋರಿಸಿದೆ. ಕನ್ನಡಕ ಹಾಕಿಕೊಂಡು ಕನ್ನಡದ್ದನ್ನು ಬೆರಳಿಟ್ಟು ಓದಿದಳು. ಆಮೇಲೆ ಇಡೀ ಕಟ್ಟನ್ನು ಮೊದಲಿನ ಖಾಕಿ ಕಾಗದದಲ್ಲೇ ಸುತ್ತಿ, ಟ್ರಂಕಿಗೆ ಹಾಕಿ, ಹೊಸ ಡಾಂಬರ ಗುಳಿಗಿ ನಾಲ್ಕು ಇಟ್ಟು, ಮೇಲೆ ಕಸ್ತೂರಿ ಜೋಡಿಸಿದಳು. ಟ್ರಂಕು ಈಗ ಅವಳ ಮಂಚದ ಕೆಳಗಿದೆ. ಬೀಗ ನಾನೇ ಒಡೆದಿದ್ದೆನಲ್ಲ, ಹೊಸದು ಹಾಕಿಲ್ಲ.